ಇನ್ನೂರ ಹದಿನಾಲ್ಕು ಕರೆಗಳು

ಹದಿನೇಳನೆಯ ಕರೆ ಮುಗಿಯುವ ಹೊತ್ತಿಗೆ ನೀಲಾಂಬಿಕಾಳ ಎಡಗಿವಿ ಬಿಸಿಯಾಗಿತ್ತು. ಹೆಡ್‌ಫೋನನ್ನು ಸಡಿಲಿಸಿ ಕಿವಿ ಉಜ್ಜಿಕೊಂಡು, ಹಾಳೆಯ ಹದಿನೆಂಟನೆಯ ಸಾಲಿನ ಕೆಳಗೆ ಸ್ಕೇಲು ಇಟ್ಟಳು. ಅವಳ ತಂಡದಲ್ಲಿ ಹದಿನಾಲ್ಕು ಹುಡುಗಿಯರು. ಅವರು ವಾರವಿಡೀ ಮಾತಾಡಿದ ಕರೆಗಳಲ್ಲಿ ಇಪ್ಪತ್ತನ್ನು ಆರಿಸಿ ಬುಧವಾರ ಬೆಳಿಗ್ಗೆ ಕೇಳಬೇಕು. ನಮಸ್ಕಾರ ಹೇಳಿದಳೇ, ಗ್ರಾಹಕರ ಹೆಸರು ಎರಡು ಸಲವಾದರೂ ಬಂತೇ, ಅವರ ಮಾತಿನ ನಡುವೆ ಬಾಯಿ ಹಾಕಿದಳೇ ಎಂದು ಗುರುತು ಹಾಕಬೇಕು. ಇಪ್ಪತ್ತು ಮುಗಿದ ಮೇಲೆ ಚಹಾ.

ಹುಬ್ಬಳ್ಳಿಯ ಗೋಕುಲ ರಸ್ತೆಯ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ಮೋಟಾರಿನ ಗಾಲಿಕುರ್ಚಿ ಮಾಡುವ ಕಂಪನಿಯ ಗ್ರಾಹಕ ಸೇವಾ ಕೇಂದ್ರವಿತ್ತು. ಸುತ್ತಲಿನ ಎಂಟು ಜಿಲ್ಲೆಗಳಲ್ಲಿ ಕುರ್ಚಿ ಕೆಟ್ಟರೆ, ಬ್ಯಾಟರಿ ಸತ್ತರೆ, ಗಾಲಿ ಸಿಕ್ಕಿಕೊಂಡರೆ ಫೋನು ಇಲ್ಲಿಗೇ ಬರುತ್ತಿತ್ತು. ಎರಡು ವರ್ಷದ ಹಿಂದೆ ನಾಲ್ಕನೆಯ ಮಹಡಿಯ ಇಂಜಿನಿಯರುಗಳು ಒಂದು ಹೊಸ ಮಾಪಕ ಕೂಡಿಸಿದ್ದರು. ಅದು ಮಾತಿನ ಅರ್ಥ ನೋಡುವುದಿಲ್ಲ, ದನಿಯನ್ನಷ್ಟೇ ತೂಗುತ್ತದೆ. ಗಂಟಲಿನ ಬಿಗಿ ಎಷ್ಟು, ದನಿಯ ಅಡಿಯ ಸಣ್ಣ ನಡುಕ ಎಷ್ಟು, ಎರಡು ಮಾತಿನ ನಡುವೆ ಉಸಿರು ಹೇಗೆ ಬರುತ್ತಿದೆ ಎಂದು ಕರೆಯ ಮೊದಲ ನಿಮಿಷವನ್ನೂ ಕೊನೆಯ ನಿಮಿಷವನ್ನೂ ಹೋಲಿಸುತ್ತದೆ. ಬಿಗಿ ಇಳಿದಿದ್ದರೆ ಹಸಿರು ದೀಪ. ಹಸಿರು ಬಂದರೆ ದೂರು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಹುಡುಗಿಯರು ತಕ್ಕಡಿ ಎಂದೇ ಕರೆದರು.

ತಕ್ಕಡಿ ಬಂದ ಮೇಲೆ ಕೇಂದ್ರದ ಗುರಿಗಳೆಲ್ಲ ಬದಲಾದವು. ಮೊದಲು ಎಷ್ಟು ಕರೆ ತೆಗೆದುಕೊಂಡಿರಿ ಎಂದು ಕೇಳುತ್ತಿದ್ದವರು ಈಗ ನೂರಕ್ಕೆ ಎಷ್ಟು ಹಸಿರು ಎಂದು ಕೇಳುತ್ತಿದ್ದರು. ನೀಲಾಂಬಿಕಾಳ ತಂಡ ತೊಂಬತ್ತರಲ್ಲಿತ್ತು, ಆರು ತಂಡಗಳಲ್ಲಿ ಮೊದಲನೆಯದು. ಮುಂದಿನ ಮೂರು ತಿಂಗಳು ಹೀಗೆಯೇ ನಡೆದರೆ ಇಡೀ ತಂಡಕ್ಕೆ ಗೋವಾ ಪ್ರವಾಸ. ಆಗಲೇ ಮೂವರು ಹುಡುಗಿಯರು ದೊಡ್ಡ ಅಂಚಿನ ಹುಲ್ಲಿನ ಟೋಪಿ ಕೊಂಡು ತಂದು ಮೇಜಿನ ಕೆಳಗೆ ಇಟ್ಟಿದ್ದರು.

ಹದಿನೆಂಟನೆಯ ಕರೆ ತಂಡದ ಜಾಣೆ ಸ್ಫೂರ್ತಿಯದು. ಕರೆದವರು ರೋಣದ ಹತ್ತಿರದ ಹಳ್ಳಿಯ ಹನಮವ್ವ.

"ಯಕ್ಕಾರ, ಇದು ನಾಕನೇ ಸಲ ನೋಡ್ರಿ. ಒಂದು ಗಾಲಿ ತಿರಗತೈತಿ, ಇನ್ನೊಂದು ಸತ್ತೈತಿ. ಗುಂಡಿ ಒತ್ತಿದ್ರ ಹುಡುಗಿ ಮುಂದ ಹೋಗಂಗಿಲ್ಲ, ನಿಂತಲ್ಲೇ ಗಿರಗಿರ ಸುತ್ತತಾಳ."

"ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ಹನಮವ್ವನವರೇ. ಮೋಟಾರು ಬಂದ ತಕ್ಷಣ ತಿಳಿಸುತ್ತೇವೆ."

"ಯಾವಾಗ ಬರತೈತ್ರಿ?"

"ಬಂದ ತಕ್ಷಣ ತಿಳಿಸುತ್ತೇವೆ."

"ಆಕೀದು ಹತ್ತನೇತ್ತ ಪರೀಕ್ಷಾ ಬಂತ್ರಿ. ಸಾಲಿ ಎರಡು ಕಿಲೋಮೀಟ್ರು ದೂರ ಐತಿ."

"ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ಹನಮವ್ವನವರೇ."

ಆ ಕಡೆ ಉಸಿರು ಹೊರಗೆ ಹೋಯಿತು. ಹಿಂದೆಲ್ಲೋ ಹಿಟ್ಟಿನ ಗಿರಣಿಯ ಸದ್ದು. ಕೊನೆಗೆ ಹನಮವ್ವ ಹೇಳಿದಳು: "ಇರ್ಲಿ ಬಿಡ್ರಿ."

ಅದರಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಕೆಂಪಾಗಿದ್ದ ದೀಪ ಹಳದಿಯಲ್ಲಿ ನಿಲ್ಲದೆ ನೇರ ಹಸಿರಿಗೆ ಹಾರಿತು. ಪರದೆಯ ಮೇಲೆ 'ದೂರು ಮುಕ್ತಾಯ' ಎಂದು ಬಂತು. ನಮಸ್ಕಾರ ಇತ್ತು, ಹೆಸರು ಎರಡು ಸಲ ಬಂದಿತ್ತು, ನಡುವೆ ಬಾಯಿ ಹಾಕಿರಲಿಲ್ಲ. ನೀಲಾಂಬಿಕಾ ಹತ್ತಕ್ಕೆ ಹತ್ತು ಎಂದು ಬರೆಯಲು ಪೆನ್ನು ಎತ್ತಿದವಳು ಕೊನೆಯ ಎರಡು ಮಾತನ್ನು ಇನ್ನೊಮ್ಮೆ ಕೇಳಿದಳು. ಮತ್ತೊಮ್ಮೆ ಕೇಳಿದಳು. ಈ ದನಿ ಎಲ್ಲೋ ತೀರಾ ಪರಿಚಯದ್ದು ಅನ್ನಿಸಿತು. ಯಾರದೆಂದು ಹೊಳೆಯಲಿಲ್ಲ.

ಅಷ್ಟರಲ್ಲಿ ಕೇಂದ್ರದ ಮುಖ್ಯಸ್ಥ ದೇಸಾಯಿ ಬಂದು ಮೇಜಿಗೆ ಒರಗಿ ನಿಂತರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು.

"ಮೇಡಂ, ಮುಂದಿನ ಮೂರು ತಿಂಗಳದ ಗುರಿ ಫಾರ್ಮು?"

"ಶುಕ್ರವಾರದ ತನಕ ಟೈಮ್ ಐತಲ್ರಿ ಸರ್."

"ಅದ. ಆದ್ರ ಉಳಿದ ಐದೂ ತಂಡದ್ದು ಬಂದಾವ. ನಿಮ್ಮದು ತೊಂಬತ್ತೆರಡು ಅಂತ ನಾನೇ ಮ್ಯಾಲೆ ಹೇಳಿಬಿಟ್ಟೀನಿ. ಮತ್ತ ಕಡೀಕ ವೈಯಕ್ತಿಕ ಗುರಿ ಅಂತ ಒಂದು ಕಾಲಂ ಅದ ನೋಡ್ರಿ. ಹೋದ ಸಲ ನೀವು 'ಇನ್ನೂ ಚೆನ್ನಾಗಿ ಕೆಲಸ ಮಾಡುವುದು' ಅಂತ ಬರದ್ರಿ. ಪುಣೆ ಹೆಡ್ ಆಫೀಸಿನ್ಯಾಗ ನಕ್ಕರು."

"ಮತ್ತೇನು, ಕೆಟ್ಟದಾಗಿ ಮಾಡ್ತೀನಿ ಅಂತ ಬರೀಬೇಕಿತ್ತೇನ್ರಿ?"

"ಹಂಗಲ್ರಿ. ಎಣಿಸಾಕ ಬರೂ ಹಂಗಿರಬೇಕು. ಒಂದು ನಂಬರ್ ಇರಬೇಕು."

ಅವಳು ಅವರ ಕೈಗೆ ಹೆಡ್‌ಫೋನು ಕೊಟ್ಟು ಆ ಕರೆಯನ್ನು ಕೇಳಿಸಿದಳು. ದೇಸಾಯಿ ನಿಂತುಕೊಂಡೇ ಪೂರಾ ಕೇಳಿದರು.

"ಛಲೋ ಮಾತಾಡ್ಯಾಳಲ್ಲ ಸ್ಫೂರ್ತಿ. ಹಸಿರೂ ಬಂದದ."

"ಕುರ್ಚಿ ರಿಪೇರಿ ಆಗಿಲ್ರಿ."

"ಮೋಟಾರು ಬಂದ ಮ್ಯಾಲೆ ಆಗತದ."

"ದೂರು ಮುಚ್ಚಿಹೋದ ಮ್ಯಾಲೆ ಮೋಟಾರು ಯಾರ ಹೆಸರಿಗೆ ಬರತೈತ್ರಿ ಸರ್?"

ದೇಸಾಯಿ ಹೆಡ್‌ಫೋನನ್ನು ಜೋಪಾನವಾಗಿ ಮೇಜಿನ ಮೇಲಿಟ್ಟರು. "ನೋಡ್ರಿ ಮೇಡಂ, ಗ್ರಾಹಕರೇ ಸುಮ್ಮನಾದ ಮ್ಯಾಲೆ ನಾವ್ಯಾಕ ಎಬ್ಬಸಬೇಕು?" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರಿಗೆ ಹಾಗೇ ಅನ್ನಿಸಿತ್ತು.

ಊಟಕ್ಕೆ ಎದ್ದಾಗ ನೀಲಾಂಬಿಕಾ ತಾನೇ ಹನಮವ್ವನಿಗೆ ಫೋನು ಹಚ್ಚಿದಳು.

"ಕುರ್ಚಿ ಕಂಪನಿಯಿಂದ ಮಾತಾಡಾಕತ್ತೀನ್ರಿ. ಕುರ್ಚಿ ಹೆಂಗೈತ್ರಿ?"

"ಹೆಂಗಿರತೈತ್ರಿ, ಮೂಲ್ಯಾಗೈತಿ. ಮ್ಯಾಲೆ ಹಾಸಿಗಿ ಮಡಚಿ ಇಟ್ಟೀವಿ."

"ಮಗಳು ಸಾಲಿಗೆ ಹೊಂಟಾಳೇನ್ರಿ?"

"ಪವಿತ್ರಾ? ಇಲ್ರಿ, ಎರಡು ವಾರಾತು. ನಾ ಹೊತ್ಕೊಂಡು ಹೊಕ್ಕೀನಿ ಬಾ ಅಂದ್ರ ಒಲ್ಲೆ ಅಂತಾಳ. ಹದಿನೈದು ವರ್ಸದಾಕಿ, ಊರ ಮುಂದ ಅವ್ವನ ಬೆನ್ನ ಮ್ಯಾಲೆ ಹೆಂಗ ಕುಂದ್ರಲಿ ಅಂತಾಳ. ಆಕಿ ಅನ್ನೂದೂ ಖರೆ ಐತಲ್ರಿ."

"ಪರೀಕ್ಷಾ ಯಾವಾಗೈತ್ರಿ?"

"ಇನ್ನ ಹತ್ತೊಂಬತ್ತು ದಿನ ಅಂತ ಆಕೀನ ಎಣಿಸಿ ಹೇಳತಾಳ್ರಿ."

"ಮತ್ತೊಂದು ಸಲ ದೂರು ಕೊಡ್ರಿ."

"ಕೊಟ್ಟು ನೋಡೀವ್ರಿ. ಮಿಷನ್ ತಗೊಳ್ಳವಲ್ದು. ಬಗೆಹರದೈತಿ, ಹೊಸಾದು ಕೊಡಾಕ ತೊಂಬತ್ತು ದಿನ ಆಗಬೇಕು ಅಂತೈತಿ. ನೀವರ ಏನು ಮಾಡ್ತೀರಿ ಯಕ್ಕಾರ, ನಿಮ್ಮ ಕೈಯಾಗ ಏನೈತಿ. ಇರ್ಲಿ ಬಿಡ್ರಿ."

ಕೇಂದ್ರದಿಂದ ಹೋದ ಕರೆಯನ್ನೂ ತಕ್ಕಡಿ ತೂಗುತ್ತದೆ ಎಂಬುದನ್ನು ಅವಳು ಮರೆತಿದ್ದಳು. ಪರದೆಯ ಮೂಲೆಯಲ್ಲಿ ಅವಳ ಹೆಸರಿನ ಮುಂದೆ ಒಂದು ಹಸಿರು ದೀಪ ಹೊತ್ತಿಕೊಂಡಿತು.

*

ನೀಲಾಂಬಿಕಾಳ ಮನೆಯ ಅಡುಗೆ ಕಟ್ಟೆ ಗಿಡ್ಡದು. ಅತ್ತೆ ಗಂಗವ್ವ ನಾಲ್ಕು ಅಡಿ ಹತ್ತು ಇಂಚು ಇದ್ದವರು. ಮನೆ ಕಟ್ಟಿಸುವಾಗ ತಮ್ಮ ಸೊಂಟಕ್ಕೆ ಅಳೆದು ಕಡಪಾ ಕಲ್ಲು ಹಾಕಿಸಿಕೊಂಡಿದ್ದರು. ನೀಲಾಂಬಿಕಾ ಐದು ಅಡಿ ಏಳು ಇಂಚು. ಅತ್ತೆ ತೀರಿಕೊಂಡು ಆರು ವರ್ಷವಾದರೂ ಕಟ್ಟೆ ಅವರ ಎತ್ತರದಲ್ಲೇ ಉಳಿದಿತ್ತು. ಸಂಜೆ ರೊಟ್ಟಿ ಬಡಿಯುವಾಗ ಅವಳು ಕಾಲು ಅಗಲಿಸಿ, ಬೆನ್ನು ಬಾಗಿಸಿ ನಿಲ್ಲುತ್ತಿದ್ದಳು. ನಾಲ್ಕನೆಯ ರೊಟ್ಟಿಗೆ ಸೊಂಟದ ಬಲಭಾಗದಲ್ಲಿ ಹಿಡಿದುಕೊಳ್ಳುತ್ತಿತ್ತು. ಆಗ ಎಡಗೈಯನ್ನು ಕಟ್ಟೆಗೆ ಊರಿ ಒಂದು ಸಲ ನೆಟ್ಟಗಾಗಿ, ಎದುರಿನ ಗೋಡೆಯ ಗಡಿಯಾರ ನೋಡಿ, ಐದನೆಯದಕ್ಕೆ ಬಾಗುತ್ತಿದ್ದಳು. ಆ ಗಡಿಯಾರ ಕಂಪನಿ ಕೊಟ್ಟದ್ದು. ತಕ್ಕಡಿ ಕೂಡಿಸಿದ ವರ್ಷ ಕರೆಗಳಿಗೆ ಗುರುತು ಹಾಕಿ ಅದಕ್ಕೆ ಪಾಠ ಹೇಳಿದ ಆರು ಹೆಂಗಸರಲ್ಲಿ ಅವಳಿಗೆ ಮೊದಲ ಬಹುಮಾನ ಬಂದಿತ್ತು.

ಗಂಡ ಚಂದ್ರಶೇಖರ ಪಾಲಿಟೆಕ್ನಿಕ್ಕಿನಲ್ಲಿ ಕಟ್ಟಡದ ನಕ್ಷೆ ಕಲಿಸುತ್ತಿದ್ದ. ಹೊರಗಿನ ಕೋಣೆಯಲ್ಲಿ ಕುಳಿತು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದು ಅವಳಿಗೆ ಕೇಳುತ್ತಿತ್ತು. ತಂಗಿಯ ಮನೆಯಲ್ಲಿ ಸೊಸೆಯೊಂದಿಗೆ ಏನೋ ಜಗಳ.

"ನಮ್ಮ ಮನ್ಯಾಗ ಆ ಗದ್ಲ ಇಲ್ಲ ನೋಡವಾ. ನಮ್ಮ ನೀಲಾ ಒಂದು ದಿನಾನೂ ಒಂದು ತಕರಾರು ಮಾಡಿದಾಕಿ ಅಲ್ಲ."

ರೊಟ್ಟಿಯ ಮೇಲೆ ನೀರು ಸವರುತ್ತಿದ್ದ ಅವಳ ಕೈ ನಿಂತಿತು.

ಅವಳು ಕೇಳಿದ್ದಳು. ಅತ್ತೆಯ ವರ್ಷದ ಕಾರ್ಯ ಮುಗಿದ ಮೇಲೆ ಮೊದಲ ಸಲ, ಕಟ್ಟೆ ಸ್ವಲ್ಪ ಎತ್ತರಿಸೋಣ ಅಂದಿದ್ದಳು. ಕಾಲೇಜಿನ ಸೂಟಿಯಲ್ಲಿ ನೋಡೋಣ ಅಂದಿದ್ದ ಗಂಡ. ಸೂಟಿಯಲ್ಲಿ ಕೇಳಿದಾಗ ಕಲ್ಲು ಕೂಡಿಸುವ ಗೌಂಡಿ ಊರಲ್ಲಿರಲಿಲ್ಲ. ಮೂರನೆಯ ಸಲ, ಅವ್ವ ಹಾಕಿಸಿದ ಕಲ್ಲು, ಒಡೆಯಲು ಮನಸ್ಸು ಬರವಲ್ದು ಎಂದು ಮುಖ ಸಣ್ಣದು ಮಾಡಿದ್ದ. ನಾಲ್ಕನೆಯ ಸಲ ಅವಳು ಮಾತು ಎತ್ತುವ ಮೊದಲೇ ಅವನ ಮುಖ ನೋಡಿ, ಇದೇ ಒಲೆಯ ಮುಂದೆ ನಿಂತು, ಇರ್ಲಿ ಬಿಡ್ರಿ ಅಂದಿದ್ದಳು.

ತವೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದು ಅವಳು ಬಾಗಿದಳು. ಬೆಳಿಗ್ಗೆ ಹೆಡ್‌ಫೋನಿನಲ್ಲಿ ಕೇಳಿದ ದನಿ ಯಾರದೆಂದು ಈಗ ಗೊತ್ತಾಯಿತು.

ಊಟದ ನಡುವೆ ಅವಳು ಕೇಳಿದಳು: "ನಿಮ್ಮ ಪುಸ್ತಕದಾಗ ಅಡಗಿ ಕಟ್ಟಿ ಎಷ್ಟು ಎತ್ತರ ಇರಬೇಕು ಅಂತ ಐತ್ರಿ?"

"ಎಂಬತ್ತೈದು ಸೆಂಟಿಮೀಟರ್," ಎಂದ ಚಂದ್ರಶೇಖರ, ತಟ್ಟೆಯಿಂದ ತಲೆ ಎತ್ತದೆ. "ಯಾಕ?"

"ಸುಮ್ನ ಕೇಳಿದೆ."

"ಹುಡುಗ್ರಿಗೆ ಎಷ್ಟು ಸಲ ಹೇಳಿದ್ರೂ ತಪ್ಪ ಬರೀತಾರ ನೋಡು," ಎಂದು ಅವನು ಚಟ್ನಿ ನೀಡಿಸಿಕೊಂಡ.

*

ಗುರುವಾರ ಅವಳು ನಾಲ್ಕನೆಯ ಮಹಡಿಗೆ ಹತ್ತಿದಳು. ತಕ್ಕಡಿಯನ್ನು ನೋಡಿಕೊಳ್ಳುತ್ತಿದ್ದವಳು ಮೆಹರುನ್ನೀಸಾ. ಇಪ್ಪತ್ತೆಂಟರ ಇಂಜಿನಿಯರು, ಹಳೇಹುಬ್ಬಳ್ಳಿಯವಳು. ಕೋಣೆ ತಣ್ಣಗಿತ್ತು. ಅವಳು ಸ್ವೆಟರು ಹಾಕಿಕೊಂಡು ಶೇಂಗಾ ತಿನ್ನುತ್ತಿದ್ದಳು.

"ಬರ್ರಿ ಮೇಡಂ. ತಕ್ಕಡಿ ಮ್ಯಾಲೆ ತಕರಾರು ತಂದೀರೇನು? ಇಲ್ಲಿ ದೂರು ತಗೊಳ್ಳೂದಿಲ್ಲ ಮತ್ತ."

"ಒಂದು ಕರೆ ತೋರಸ್ತೀನಿ, ನೋಡವಾ. ಇದು ಯಾಕ ಹಸಿರಾತು ಹೇಳು."

ಮೆಹರ್ ಹನಮವ್ವನ ಕರೆಯನ್ನು ತೆರೆದಳು. ಪರದೆಯ ಮೇಲೆ ದನಿಯ ಗೆರೆಗಳು ಬಂದವು. ಅವಳು ಇನ್ನೊಂದು ಕರೆಯನ್ನು ತೆಗೆದು ಪಕ್ಕದಲ್ಲಿಟ್ಟಳು. ಅದು ಬ್ಯಾಟರಿ ಬದಲಾಯಿಸಿಕೊಂಡ ಮುದುಕರೊಬ್ಬರದು. ಕೊನೆಗೆ ಅವರು ನಗುತ್ತ, ನೂರು ವರ್ಷ ಬಾಳವಾ ಎಂದು ಹರಸಿದ್ದರು.

"ಎರಡರಾಗೂ ಗಂಟಲದ ಬಿಗಿ ಇಳದದ, ನೋಡ್ರಿ. ಆದ್ರ ಉಸಿರು ನೋಡ್ರಿ. ಅಜ್ಜಾರು ಮೊದಲು ಉದ್ದಕ ಉಸಿರು ಒಳಗ ಎಳಕೊಂಡು ಆಮ್ಯಾಲೆ ಮಾತಾಡ್ಯಾರ. ನಿರಾಳ ಆದೋರು ಹಂಗ ಮಾಡ್ತಾರ. ಈ ಅಮ್ಮಾರು ಉಸಿರೆಲ್ಲಾ ಹೊರಗ ಬಿಟ್ಟು, ಖಾಲಿಯಾದ ಮ್ಯಾಲೆ ಉಳದಿದ್ದರಾಗ ಮಾತಾಡ್ಯಾರ."

"ಅಂದ್ರ ಎರಡೂ ಬ್ಯಾರೆ ಅಂತ ತಕ್ಕಡಿಗೆ ಗೊತ್ತಾಗಂಗಿಲ್ಲೇನು?"

ಮೆಹರ್ ಶೇಂಗಾ ಸಿಪ್ಪೆಯನ್ನು ಕಾಗದದಲ್ಲಿ ಮಡಚಿದಳು. "ಗೊತ್ತಿತ್ರಿ. ಶುರುವಿಗೆ ಯಾರೂ ಏನೂ ಹೇಳಿಕೊಡದೆ ಒಂಬತ್ತು ಸಾವಿರ ಕರೆ ಕೇಳಿಸಿದಾಗ ಅದು ತಾನಾಗೇ ಮೂರು ಗುಂಪು ಮಾಡಿತ್ತು. ಸಿಟ್ಟಿನವು ಒಂದು, ನಿರಾಳ ಆದವು ಒಂದು, ಇವು ಒಂದು. ಆ ಮೂರನೇದಕ್ಕ ಏನು ಹೆಸರಿಡಬೇಕು ಅಂತ ಅದಕ್ಕ ತಿಳೀಲಿಲ್ಲ. ಅಂಥಾ ಕರೆಗಳನ್ನ ಎರಡೆರಡು ಸಲ ನಿಮಗ ಕೇಳಿಸ್ತು. ನಿಮ್ಮ ಮುಂದ ಎರಡೇ ಗುಂಡಿ ಇದ್ದುವು, ನೆನಪೈತ್ರಿಲ್ಲೋ?"

ನೀಲಾಂಬಿಕಾಳಿಗೆ ನೆನಪಿತ್ತು. ಬಗೆಹರಿದಿದೆ, ಬಗೆಹರಿದಿಲ್ಲ. ಆರು ಹೆಂಗಸರು ಒಂದೂವರೆ ತಿಂಗಳು ಸಾಲಾಗಿ ಕುಳಿತು ಆ ಎರಡು ಗುಂಡಿಗಳನ್ನು ಒತ್ತಿದ್ದರು. ಇರ್ಲಿ ಬಿಡ್ರಿ ಎಂದಲ್ಲಿಗೆ ಮಾತು ಮುಗಿಯಿತು, ಇನ್ನೇನು ಉಳಿದಿದೆ ಎಂದುಕೊಂಡಿದ್ದರು. ತಮ್ಮ ತಮ್ಮ ಮನೆಗಳಲ್ಲೂ ಮಾತು ಮುಗಿಯುತ್ತಿದ್ದುದು ಅಲ್ಲಿಗೇ. ಯಾರಿಗೂ ಸಂಶಯ ಬಂದಿರಲಿಲ್ಲ.

"ಆರೂ ಜನ ಬಗೆಹರಿದೈತಿ ಅಂತ ಒತ್ತೀರಿ," ಎಂದಳು ಮೆಹರ್. "ಅದರಾಗ ನಿಮ್ಮದು ಒಂದೂ ಹೊಯ್ದಾಡಿಲ್ಲ. ಎರಡನೇ ಸಲ ಕೇಳಿಸಿದಾಗೂ ಅದ ಗುಂಡಿ. ಅದಕ್ಕ ನಿಮ್ಮ ಗುರುತನ್ನಷ್ಟ ಮಾದರಿ ಅಂತ ಇಟ್ಟೀವಿ. ಗಡಿಯಾರ ಬಂತಲ್ರಿ ನಿಮಗ?"

"ಬಂತು. ಅಂಥಾವು ಎಷ್ಟದಾವವಾ?"

"ಇನ್ನೂರ ಹದಿನಾಲ್ಕು."

ಅಷ್ಟನ್ನು ತಿದ್ದಿದರೆ ಏನಾಗುತ್ತದೆ ಎಂದು ನೀಲಾಂಬಿಕಾ ಕೇಳಿದಳು. ಮೆಹರ್ ಪ್ರತ್ಯೇಕವಾಗಿಟ್ಟಿದ್ದ ಒಂದು ನಕಲಿನ ಮೇಲೆ ಪರೀಕ್ಷೆ ಓಡಿಸಿದಳು. ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅವಳು ವಿವರಿಸಿದಳು: ಶನಿವಾರ ಸಂಜೆ ತಕ್ಕಡಿ ತನ್ನ ಪಾಠವನ್ನು ಮತ್ತೆ ಓದಿಕೊಳ್ಳುತ್ತದೆ, ಹಿಂದಿನ ತೊಂಬತ್ತು ದಿನದ ಕರೆಗಳನ್ನು ಇನ್ನೊಮ್ಮೆ ತೂಗುತ್ತದೆ. ಹಸಿರು ಹೋದ ದೂರುಗಳು ಭಾನುವಾರ ಬೆಳಿಗ್ಗೆ ತಾವಾಗಿಯೇ ತೆರೆದುಕೊಳ್ಳುತ್ತವೆ. ತೆರೆದ ದೂರಿಗೆ ಪುಣೆಯ ಉಗ್ರಾಣದಿಂದ ಎಂಟು ದಿನದಲ್ಲಿ ಬಿಡಿಭಾಗ ಬರಲೇಬೇಕು. ಅದನ್ನು ಯಾರೂ ತಡೆಯಲು ಬರುವುದಿಲ್ಲ. ಒಬ್ಬರು ಹಾಕಿದ ಗುರುತನ್ನು ಅವರು ಮಾತ್ರ ತಿದ್ದಬಹುದು, ತಿದ್ದಿದವರ ಹೆಸರು ಉಳಿಯುತ್ತದೆ.

ಪರದೆಯ ಮೇಲೆ ಅಂಕಿ ಬಂತು. ಆರೂ ತಂಡ ಸೇರಿ ಆರು ಸಾವಿರದ ನಾನೂರು ದೂರುಗಳು ತೆರೆದುಕೊಳ್ಳುತ್ತವೆ. ನೀಲಾಂಬಿಕಾಳ ತಂಡ ತೊಂಬತ್ತರಿಂದ ಐವತ್ತೇಳಕ್ಕೆ ಇಳಿಯುತ್ತದೆ.

ಇಬ್ಬರೂ ಅದನ್ನು ನೋಡಿದರು. ಮೆಹರ್ ನಕಲನ್ನು ಅಳಿಸಿದಳು. "ನೀವು ಕೇಳಿದ್ರಿ, ನಾ ಹೇಳಿದೆ," ಎಂದು ಶೇಂಗಾದ ಪೊಟ್ಟಣವನ್ನು ಮುಂದೆ ಚಾಚಿದಳು. "ತಗೋರಿ. ಬಿಸಿ ಅದಾವ."

*

ಶುಕ್ರವಾರ ಬೆಳಿಗ್ಗೆ ಮೂರನೆಯ ಮಹಡಿಯಲ್ಲಿ ಟೋಪಿಗಳ ಸಂಖ್ಯೆ ಐದಕ್ಕೆ ಏರಿತ್ತು. ಸ್ಫೂರ್ತಿ ತನ್ನದನ್ನು ಹಾಕಿಕೊಂಡೇ ಕರೆ ತೆಗೆದುಕೊಳ್ಳುತ್ತಿದ್ದಳು.

"ಮೇಡಂ, ನಿಮಗೂ ಒಂದು ತರೂದೇನ್ರಿ? ಕೆಂಪು ರಿಬ್ಬನ್ ಇರೂದು?"

"ಮೊದಲು ಕೆಲಸ ನೋಡವಾ," ಎಂದಳು ನೀಲಾಂಬಿಕಾ.

ಹುಡುಗಿಯ ತಪ್ಪೇನೂ ಇರಲಿಲ್ಲ. ಯಾವ ಮಾತಿಗೆ ಹಸಿರು ಬರುತ್ತದೆ ಎಂಬುದನ್ನು ಅವಳು ಚೆನ್ನಾಗಿ ಕಲಿತಿದ್ದಳು. ಅದೇ ಮಾತನ್ನು ಮೂರು ಸಲ ಹೇಳಿದರೆ ಆ ಕಡೆಯವರ ಉಸಿರು ಖಾಲಿಯಾಗುತ್ತದೆ. ಅವಳು ಕಲಿತದ್ದು ತಕ್ಕಡಿಯಿಂದ. ತಕ್ಕಡಿ ಕಲಿತದ್ದು ಯಾರಿಂದ ಎಂಬುದು ಈ ಮಹಡಿಯಲ್ಲಿ ಒಬ್ಬಳಿಗೇ ಗೊತ್ತಿತ್ತು. ತಾನು ಆ ಗುರುತುಗಳನ್ನು ತಿದ್ದಿದರೆ ಸೋಮವಾರ ಬೆಳಿಗ್ಗೆ ಈ ಟೋಪಿಗಳು ಮೇಜಿನ ಕೆಳಗೆ ಹೋಗುತ್ತವೆ. ಹುಡುಗಿಯರು ತನ್ನ ಮುಖ ನೋಡುತ್ತಾರೆ. ದೇಸಾಯಿ ಕರೆಯುತ್ತಾರೆ, ಆಮೇಲೆ ಪುಣೆಯವರು ಕರೆಯುತ್ತಾರೆ. ಎರಡು ವರ್ಷದ ಹಿಂದೆ ಸರಿ ಅಂದದ್ದು ಈಗ ಹೇಗೆ ತಪ್ಪಾಯಿತು ಎಂದು ಕೇಳುತ್ತಾರೆ. ಅದಕ್ಕೆ ಎಣಿಸಲು ಬರುವಂಥ ಉತ್ತರ ಅವಳಲ್ಲಿ ಇರಲಿಲ್ಲ.

ಫಾರ್ಮು ತೆರೆದಳು. ತಂಡದ ಗುರಿಯ ಮುಂದೆ ತೊಂಬತ್ತೆರಡು ಎಂದು ಬರೆದಳು. ಕಡಿಮೆ ಬರೆದರೆ ಯಾಕೆ ಎಂದು ಇಂದೇ ಕೇಳುತ್ತಾರೆ, ಶನಿವಾರ ಸಂಜೆಯೊಳಗೆ ತಿದ್ದುವುದು ಕೈ ತಪ್ಪುತ್ತದೆ. ಗ್ರಾಹಕ ಸೇವೆಯ ಸುಧಾರಣೆಗೆ ನಿಮ್ಮ ಸಲಹೆ ಎಂಬಲ್ಲಿ ಏನನ್ನೂ ಬರೆಯಲಿಲ್ಲ. ಕೊನೆಯ ಕಾಲಂನಲ್ಲಿ, ವೈಯಕ್ತಿಕ ಗುರಿ ಎಂಬುದರ ಕೆಳಗೆ, ಇನ್ನೂರ ಹದಿನಾಲ್ಕು ಹಳೆಯ ಕರೆಗಳನ್ನು ಮತ್ತೆ ಕೇಳುವುದು ಎಂದು ಬರೆದಳು.

ದೇಸಾಯಿ ಬಂದು ಅವಳ ಹಿಂದೆ ನಿಂತು ಓದಿದರು.

"ಅಬ್ಬಾ, ಈಗ ಬಂತು ನೋಡ್ರಿ ನಂಬರು! ಹಳೇ ಕರೆ ಅಂದ್ರ, ತರಬೇತಿಗೇನ್ರಿ?"

"ಹೌದ್ರಿ ಸರ್. ತರಬೇತಿಗೇ."

"ಮೂರು ತಿಂಗಳದಾಗ ಆರಾಮ ಆಗತಾವ."

"ಅದಕ್ಕೂ ಮೊದಲಽ ಆಗಬಹುದ್ರಿ," ಎಂದಳು.

ಅವರು ಹೋದ ಮೇಲೆ ಅವಳು ಹಳೆಯ ಗುರುತಿನ ಪಟ್ಟಿಯನ್ನು ತೆರೆದಳು. ಒಂದೊಂದು ಕರೆಯ ಕೊನೆಯ ಅರ್ಧ ನಿಮಿಷ ಕೇಳಿದರೆ ಸಾಕು. ದಿನದ ಕೆಲಸದ ನಡುವೆಯೂ, ಊಟ ಬಿಟ್ಟರೆ, ಇಂದೇ ಅರ್ಧ ದಾಟುತ್ತದೆ, ಉಳಿದದ್ದು ನಾಳೆ ಮಧ್ಯಾಹ್ನದೊಳಗೆ. ಕೇಳದೆಯೂ ಒಂದೇ ಸಲಕ್ಕೆ ತಿದ್ದಬಹುದಿತ್ತು, ಆದರೆ ಅಂದು ಕೇಳಿಯೂ ಕೇಳಿಸಿಕೊಳ್ಳದೆ ಒತ್ತಿದ್ದಳು. ಹೆಡ್‌ಫೋನನ್ನು ಎಡಗಿವಿಗೆ ಏರಿಸಿದಳು. ಮೊದಲನೆಯದು ಅಥಣಿಯ ಕಡೆಯ ಹೆಂಗಸು. ಕುರ್ಚಿಯ ಬ್ರೇಕು. ಉಸಿರು ಹೊರಗೆ ಹೋಯಿತು, ಆಮೇಲೆ ಆ ಎರಡು ಮಾತು. ನೀಲಾಂಬಿಕಾ ಎರಡನೆಯ ಗುಂಡಿ ಒತ್ತಿದಳು. ಬಗೆಹರಿದಿಲ್ಲ. ಮುಂದಿನದು ಲಕ್ಷ್ಮೇಶ್ವರದ ಗಂಡಸು, ಅವನ ದನಿಯೂ ಹಾಗೆಯೇ ಖಾಲಿಯಾಗಿತ್ತು. ಬಗೆಹರಿದಿಲ್ಲ. ಮೂರನೆಯದು, ನಾಲ್ಕನೆಯದು. ಸ್ಫೂರ್ತಿ ಟೋಪಿ ವಾರೆ ಮಾಡಿಕೊಂಡು ಚಹಾ ತರಲೇನ್ರಿ ಎಂದು ಕೈಸನ್ನೆ ಮಾಡಿದಳು. ಇವಳು ಬೇಡವೆಂದು ತಲೆಯಾಡಿಸಿದಳು.

ಹತ್ತು ಮುಗಿದಾಗ ಹಾಳೆಯಲ್ಲಿ ಲೆಕ್ಕಕ್ಕೆಂದು ಗೀಟು ಹಾಕಿದಳು. ಗೀಟು ಹಾಕುತ್ತಿದ್ದಂತೆ, ಪಟ್ಟಿಯಲ್ಲಿ ಇಲ್ಲದ, ಯಾವ ಯಂತ್ರವೂ ತೂಗದ ಒಂದು ಕರೆ ಅವಳಿಗೆ ನೆನಪಾಯಿತು. ಅಲ್ಲಿ ಕರೆದವಳೂ ಅವಳೇ, ದೂರು ಮುಚ್ಚಿದವಳೂ ಅವಳೇ. ಒಲೆಯ ಮುಂದೆ, ನಾಲ್ಕನೆಯ ಸಲ. ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಇನ್ನೂರ ಹದಿನೈದು ಎಂದು ಬರೆದು, ಅದರ ಮುಂದೆ ಎಂಬತ್ತೈದು ಸೆಂಟಿಮೀಟರ್ ಎಂದು ಬರೆದಳು. ಅದನ್ನೂ ತೆರೆಯಬೇಕು, ಭಾನುವಾರ. ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟು, ಹನ್ನೊಂದನೆಯ ಕರೆಗೆ ಕಿವಿಗೊಟ್ಟಳು.